ಬಾಣಂತಿಗೆ ನೀರು ಕೊಡಿ, ನೋವು ಹೇಳಿಕೊಳ್ಳಲು ಬಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಕೂದಲು ಉದುರುವುದು, ಎಲ್ಲಾ ಬರುತ್ತದೆ. ಆದರೆ ಎರಡಕ್ಕೆ ಹೋಗುವ ಜಾಗದಲ್ಲಿ ಚರ್ಮ ಸೀಳಿ, ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುವವರ ಬಗ್ಗೆ ಒಂದು ಸಾಲು ಬಂದದ್ದು ನಾನು ನೋಡಿಲ್ಲ. ಡಾಕ್ಟರು ಇದಕ್ಕೆ ಫಿಶರ್ ಅನ್ನುತ್ತಾರೆ. ಹೆರಿಗೆಯಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ನನಗೆ ಬಂದದ್ದೂ ಬಾಣಂತನದಲ್ಲೇ. ನಮ್ಮ ತುಮಕೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗಲೂ ಯಾರೋ ಒಬ್ಬ ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡು ಇದೇ ನೋವಿಗೆ ಅಳುತ್ತಿರುತ್ತಾಳೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸಬೇಡಿ.

ಮೊದಲು ಇದು ಏನು ಅಂತ ಹೇಳುತ್ತೇನೆ. ಗುದದ್ವಾರದ ಅಂಚಿನಲ್ಲಿ ಚರ್ಮ ಉದ್ದಕ್ಕೆ ಸೀಳುತ್ತದೆ. ಹೆಚ್ಚಿನವರಿಗೆ ಹಿಂಭಾಗದ ನಡುಮಧ್ಯದಲ್ಲಿ, ಹೆರಿಗೆಯಾದ ಕೆಲವರಿಗೆ ಮುಂಭಾಗದಲ್ಲಿ. ಸೀಳು ಚಿಕ್ಕದೇ, ನೋವು ಮಾತ್ರ ಚಿಕ್ಕದಲ್ಲ. ಗಟ್ಟಿ ಮಲ ಇಳಿಯುವಾಗ ಒಳಗಿನಿಂದ ಗಾಜಿನ ಚೂರು ಹಾದುಹೋದ ಹಾಗೆ ಆಗುತ್ತದೆ. ಆಮೇಲೆ ಶುರುವಾಗುವ ಉರಿ ಗಂಟೆಗಟ್ಟಲೆ ಬಿಡುವುದಿಲ್ಲ. ಒಂದೆರಡು ಹನಿ ಕೆಂಪು ರಕ್ತವೂ ಬೀಳಬಹುದು. ಇಷ್ಟು ಸಣ್ಣ ಗಾಯ ಯಾಕೆ ತಾನಾಗಿ ಮಾಯುವುದಿಲ್ಲ ಅಂದರೆ, ಅಲ್ಲಿ ಒಳಗೊಂದು ಸ್ನಾಯು ಇದೆ, ಅದು ನಮ್ಮ ಹಿಡಿತದಲ್ಲಿಲ್ಲ, ತಾನೇ ಬಿಗಿಯುತ್ತದೆ, ತಾನೇ ಸಡಿಲವಾಗುತ್ತದೆ. ಸೀಳು ನೋಯುತ್ತಿದ್ದಂತೆ ಅದು ಬಿಗಿದುಕೊಳ್ಳುತ್ತದೆ. ಬಿಗಿದಾಗ ಗಾಯದ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹಿಂಭಾಗದ ನಡುವೆ ರಕ್ತದ ಓಟ ಮೊದಲೇ ಕಡಿಮೆ. ರಕ್ತ ಹರಿಯದಿದ್ದರೆ ಗಾಯ ಮಾಯುವುದಿಲ್ಲ, ಗಾಯ ಮಾಯದಿದ್ದರೆ ನೋವು ಹೋಗುವುದಿಲ್ಲ, ನೋವಿಗೆ ಹೆದರಿ ನಾವು ಹೋಗುವುದನ್ನೇ ಮುಂದೂಡುತ್ತೇವೆ, ಒಳಗೆ ಉಳಿದ ಮಲ ಇನ್ನೂ ಒಣಗಿ ಗಟ್ಟಿಯಾಗುತ್ತದೆ, ಮಾರನೆಯ ದಿನ ಅದೇ ಜಾಗ ಮತ್ತೆ ಸೀಳುತ್ತದೆ. ಈ ಸುತ್ತು ಎಲ್ಲೋ ಒಂದು ಕಡೆ ಕಡಿದುಬೀಳಬೇಕು. ಚಿಕಿತ್ಸೆ ಅನ್ನುವುದೆಲ್ಲಾ ಅಷ್ಟೇ.

ಈಗ ನಮ್ಮ ಬಾಣಂತನದ ಊಟ ನೋಡಿ. ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ತರಕಾರಿ ವಾಯು, ಹಣ್ಣು ಶೀತ, ಮೊಸರು ಶೀತ, ಮಜ್ಜಿಗೆಯಂತೂ ಹತ್ತಿರ ಸುಳಿಯಬಾರದು. ನೀರು ಜಾಸ್ತಿ ಕುಡಿದರೆ ಹೊಟ್ಟೆ ದಪ್ಪ ಆಗುತ್ತದೆ ಅಂತ ಒಂದು ನಂಬಿಕೆ. ನಮ್ಮ ಅಮ್ಮ ಒಂದು ಸಣ್ಣ ಸ್ಟೀಲ್ ಲೋಟ ಇಟ್ಟಿದ್ದರು. ಊಟದ ಜೊತೆ ಕಾಯಿಸಿದ ಬಿಸಿನೀರು ಅದರಲ್ಲಿ ಅರ್ಧ. ಮಗು ಹಾಲು ಕುಡಿಯುತ್ತಿದ್ದ ಹಾಗೇ ನನಗೆ ಗಂಟಲು ಒಣಗಿಬರುತ್ತಿತ್ತು, ಕೇಳಿದರೆ ಇನ್ನೊಂದು ಗುಟುಕು. ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವರಿಗೆ ಅವರ ಅಮ್ಮ ಮಾಡಿದ್ದೂ ಹೀಗೇ. ಜೊತೆಗೆ ಕಬ್ಬಿಣದ ಮಾತ್ರೆ. ಸರ್ಕಾರದ ಕಾರ್ಯಕ್ರಮದ ಪ್ರಕಾರ ಗರ್ಭಿಣಿಗೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ದಿನಕ್ಕೊಂದು ಮಾತ್ರೆ. ರಕ್ತಹೀನತೆ ಇರುವ ನಮ್ಮ ಹೆಂಗಸರಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಅನೇಕರಿಗೆ ಮಲ ಗಟ್ಟಿ ಮಾಡುತ್ತದೆ. ಮಾತ್ರೆಯ ಜೊತೆ ನೀರು ಮತ್ತು ಸೊಪ್ಪು ತರಕಾರಿ ಕೊಡದಿದ್ದರೆ ಹೊಟ್ಟೆ ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಮಲಬದ್ಧತೆ ಆಯಿತೆಂದು ಎಷ್ಟೋ ಜನ ಮಾತ್ರೆಯನ್ನೇ ಬಚ್ಚಲಿಗೆ ಎಸೆಯುತ್ತಾರೆ. ಅದು ಇನ್ನೂ ಕೆಟ್ಟದ್ದು. ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಾಯಿಸಿ ಕೊಡುತ್ತಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿಯೊಂದನ್ನು ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶ ಇದೆ, ಜೋಳದಲ್ಲಿ ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ 25ರಿಂದ 35 ಗ್ರಾಂ ಬೇಕು ಅನ್ನುತ್ತಾರೆ ಡಾಕ್ಟರು. ವರ್ಷವೆಲ್ಲಾ ಮುದ್ದೆ ತಿಂದು ಬೆಳೆದ ಹುಡುಗಿಗೆ ಹೆರಿಗೆಯಾದ ಕೂಡಲೇ ಮುದ್ದೆ ನಿಲ್ಲಿಸಿ ಬರೀ ಅನ್ನ ಹಾಕುತ್ತೇವಲ್ಲ, ಇದಕ್ಕೆ ಏನು ಹೇಳುವುದು? ನಮ್ಮ ಪದ್ಧತಿಯಲ್ಲಿ ಒಳ್ಳೆಯದೂ ಇದೆ. ಹಾಲು ಹೆಚ್ಚಲಿ ಅಂತ ಬಾಣಂತಿಗೆ ಸಬ್ಬಸಿಗೆ ಸೊಪ್ಪು ಕೊಡುತ್ತಾರೆ, ಮೆಂತ್ಯ ಕೊಡುತ್ತಾರೆ. ಅದನ್ನೇ ಎರಡು ಹೊತ್ತು, ಎರಡು ಹಿಡಿ ಜಾಸ್ತಿ ಹಾಕಿ ಕೊಡಬಹುದಲ್ವಾ? ನಮ್ಮಜ್ಜಿಯ ಹತ್ತಿರ ನಾನು ಗೆದ್ದದ್ದು ಹೀಗೆಯೇ. ತರಕಾರಿ ಅಂದರೆ ಬೇಡ ಅನ್ನುತ್ತಿದ್ದವರು ಸಬ್ಬಸಿಗೆ ಅಂದಾಗ ತಾವೇ ಸೋಸಿ ಕೊಟ್ಟರು.

ನೋವು ಶುರುವಾದಾಗ ನಾನು ಮನೆಯಲ್ಲಿ ಹೇಳಿದೆ. "ಉಷ್ಣ ಆಗಿದೆ" ಅಂದರು. ನಮ್ಮಲ್ಲಿ ಕಣ್ಣುರಿಗೂ ಉಷ್ಣ, ಬಾಯಿಹುಣ್ಣಿಗೂ ಉಷ್ಣ, ಇದಕ್ಕೂ ಉಷ್ಣ. ಸರಿ, ಉಷ್ಣ ಆದರೆ ಮಜ್ಜಿಗೆ ಕೊಡಿ, ಎಳನೀರು ಕೊಡಿ ಅಂದರೆ, ಬಾಣಂತಿಗೆ ಶೀತ ಆಗುತ್ತದೆ, ಮಗುವಿಗೆ ನೆಗಡಿ ಬರುತ್ತದೆ. ಒಂದು ಕಡೆ ಉಷ್ಣ, ಒಂದು ಕಡೆ ಶೀತ, ನಡುವೆ ಬಾಣಂತಿ. ನೆತ್ತಿಗೆ ಹರಳೆಣ್ಣೆ ತಟ್ಟಿದರು. ತಂಪಾಯಿತು, ನಿದ್ದೆ ಬಂತು, ಸೀಳು ಹಾಗೇ ಇತ್ತು. ಬೆಳಗ್ಗೆ ಆಗುವುದು ಬೇಡ ಅನ್ನಿಸುತ್ತಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚಕ್ಕಳಮಕ್ಕಳ ಕೂತು ಹಾಲು ಕೊಡಲಾಗುತ್ತಿರಲಿಲ್ಲ, ಒಂದು ಪಕ್ಕಕ್ಕೆ ವಾಲಿ ಒಂದೇ ಪೃಷ್ಠದ ಮೇಲೆ ಭಾರ ಹಾಕಿ ಕೂತರೆ ಸೊಂಟ ಹಿಡಿಯುತ್ತಿತ್ತು, ಮಲಗಿ ಕೊಟ್ಟರೆ ಅಜ್ಜಿ ಬೈಯುತ್ತಿದ್ದರು. ನೋಡಲು ಬಂದವರೆಲ್ಲಾ ಮಗು ಎಷ್ಟು ಕೆಜಿ, ಯಾರ ಹಾಗಿದೆ ಅಂತ ಕೇಳುತ್ತಿದ್ದರು. ನೀನು ಹೇಗಿದ್ದೀಯಮ್ಮ ಅಂತ ಕೇಳಿದವರು ಕಡಿಮೆ. ಕೇಳಿದವರಿಗೂ ಇದನ್ನು ಹೇಳುವುದು ಹೇಗೆ? "ಹೇಳಿಕೊಳ್ಳೋ ಜಾಗಾನಾ ಅದು" ಅಂತ ಅಮ್ಮ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು.

ಉಷ್ಣ ಅಲ್ಲ ಅಂತ ಖಾತ್ರಿಯಾದ ಮೇಲೆ ಎಲ್ಲರ ಬಾಯಲ್ಲೂ ಬರುವ ಮುಂದಿನ ಹೆಸರು ಪೈಲ್ಸ್. ರಕ್ತ ಕಂಡರೆ ಪೈಲ್ಸ್, ನೋವಾದರೆ ಪೈಲ್ಸ್, ಕೆರೆತವಾದರೂ ಪೈಲ್ಸ್. ನಮ್ಮ ಮನೆಯವರು ಮೆಡಿಕಲ್ ಶಾಪಿಗೆ ಹೋಗಿ ಹೆಂಡತಿಗೆ ಪೈಲ್ಸ್ ಅಂದರಂತೆ, ಅವನು ಒಂದು ಟ್ಯೂಬು ಕೊಟ್ಟು ಕಳುಹಿಸಿದ. ಅದರಲ್ಲಿ ಸ್ಟೆರಾಯ್ಡ್ ಇತ್ತು. ಬಾಣಂತಿ ಅಂತ ಅವನೂ ಕೇಳಲಿಲ್ಲ. ಪೈಲ್ಸ್ ಅಂದರೆ ಅಲ್ಲಿನ ರಕ್ತನಾಳಗಳು ಊದಿಕೊಳ್ಳುವುದು. ಒಳಗಿನ ಪೈಲ್ಸ್‌ನಲ್ಲಿ ರಕ್ತ ಹೋಗುತ್ತದೆ, ಆದರೆ ಸಾಮಾನ್ಯವಾಗಿ ನೋವಿರುವುದಿಲ್ಲ. ಹೋಗುವಾಗ ಕೊಯ್ಯುವ ನೋವು, ಆಮೇಲೆ ಗಂಟೆಗಟ್ಟಲೆ ಉರಿ, ಇದು ಹೆಚ್ಚಾಗಿ ಫಿಶರ್. ಪಕ್ಕದಲ್ಲಿ ಕುರುವಿನ ಹಾಗೆ ಎದ್ದು ಕೀವು ಸೋರುತ್ತಾ ಇದ್ದರೆ ಅದು ಫಿಸ್ಟುಲಾ ಇರಬಹುದು, ಅದಕ್ಕೇ ಹಿಂದಿನವರು ಭಗಂದರ ಅನ್ನುತ್ತಿದ್ದದ್ದು. ಮೂರೂ ಬೇರೆ ಬೇರೆ ಕಾಯಿಲೆ, ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ. ನೋಡದೆ ಹೇಳಲಾಗುವುದಿಲ್ಲ. ನಾನು ಹೋದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೇಜಿನ ಆಚೆ ಕೂತಲ್ಲೇ, ಒಂದು ಸಲವೂ ಪರೀಕ್ಷೆ ಮಾಡದೆ, ಲೇಸರ್ ಮಾಡಿಬಿಡೋಣ, ನಾಳೆಯೇ ಅಡ್ಮಿಟ್ ಆಗಿ ಅಂದರು. ದುಡ್ಡಿನ ಲೆಕ್ಕ ಬರೆದ ಚೀಟಿಯೂ ಸಿದ್ಧವಾಗಿತ್ತು. ಕೈಗೂಸನ್ನು ಎತ್ತಿಕೊಂಡು ಹಾಗೇ ಎದ್ದು ಬಂದೆ.

ಪರೀಕ್ಷೆ ಅಂದರೇನೇ ಭಯ. ಅದಕ್ಕೆ ಅದು ಹೇಗಿರುತ್ತದೆ ಅಂತ ಬರೆಯುತ್ತೇನೆ, ಓದಿದ ಒಬ್ಬರಾದರೂ ಧೈರ್ಯ ಮಾಡಿ ಹೋಗಲಿ. ಕೊನೆಗೆ ನಾನು ಹೋದದ್ದು ಸರ್ಕಾರಿ ಆಸ್ಪತ್ರೆಗೆ, ಸರ್ಜರಿ ವಿಭಾಗದ ಒಪಿಡಿ. ಡಾಕ್ಟರು ಗಂಡಸು. ಸಿಸ್ಟರ್ ಒಬ್ಬರು ಪಕ್ಕದಲ್ಲೇ ನಿಂತರು. ಅವರು ನಿಲ್ಲದಿದ್ದರೆ ನಿಲ್ಲಿ ಅಂತ ಕೇಳಬಹುದು, ಕೇಳುವುದು ನಮ್ಮ ಹಕ್ಕು. ಪರದೆ ಎಳೆದರು. ಎಡ ಮಗ್ಗುಲಿಗೆ ಮಲಗಿ, ಮಂಡಿ ಎರಡನ್ನೂ ಎದೆಯ ಕಡೆ ಮಡಚಿಕೊಳ್ಳಮ್ಮ ಅಂದರು. ಮೇಲೆ ಬೆಡ್‌ಶೀಟ್ ಹೊದಿಸಿ, ನೋಡಬೇಕಾದಷ್ಟೇ ಜಾಗ ಬಿಟ್ಟರು. ಗ್ಲೌಸ್ ಹಾಕಿದ ಎರಡು ಬೆರಳಿಂದ ಚರ್ಮವನ್ನು ಮೆಲ್ಲಗೆ ಅಗಲಿಸಿ ಟಾರ್ಚ್ ಹಿಡಿದು ನೋಡಿದರು. ಅಷ್ಟೇ. "ಪೈಲ್ಸ್ ಅಲ್ಲಮ್ಮ, ಫಿಶರ್. ಇಷ್ಟು ನೋವಿರುವಾಗ ಒಳಗೆ ಬೆರಳು ಹಾಕಿ ನೋಡುವುದಿಲ್ಲ, ಹೆದರಬೇಡಿ" ಅಂದರು. ಒಂದು ನಿಮಿಷದ ಕೆಲಸ. ಅಷ್ಟು ದಿನ ಜೀವ ಹಿಡಿ ಮಾಡಿಕೊಂಡು ಓಡಾಡಿದ್ದು ಈ ಒಂದು ನಿಮಿಷಕ್ಕೆ ಹೆದರಿಯೇ ಅಲ್ಲ, ಇಂಥದ್ದೊಂದು ಇದೆ ಅಂತ ಯಾರೂ ಹೇಳದೆ ಇದ್ದದ್ದಕ್ಕೆ. ಕಾಯಿಲೆಗೆ ಒಂದು ಹೆಸರು ಸಿಕ್ಕಿದ ಕೂಡಲೇ ನನಗೆ ಅರ್ಧ ಭಾರ ಇಳಿಯಿತು. ಕ್ಯಾನ್ಸರ್ ಇರಬಹುದೇ ಅಂತ ರಾತ್ರಿಯೆಲ್ಲಾ ಯೋಚಿಸುತ್ತಿದ್ದೆ.

ಅವರು ಬರೆದುಕೊಟ್ಟದ್ದರಲ್ಲಿ ದುಬಾರಿಯದು ಯಾವುದೂ ಇರಲಿಲ್ಲ. ಲ್ಯಾಕ್ಟುಲೋಸ್ ಸಿರಪ್, ಅದು ಕರುಳಿನಲ್ಲಿ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ಇಸಬ್‌ಗೋಲ್ ಸಿಪ್ಪೆ, ರಾತ್ರಿ ಒಂದೆರಡು ಚಮಚ. ಇಸಬ್‌ಗೋಲ್ ಬಗ್ಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು, ಒಂದು ದೊಡ್ಡ ಲೋಟ ತುಂಬಾ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು, ಮೇಲೆ ಇನ್ನಷ್ಟು ನೀರು. ನೀರಿಲ್ಲದೆ ತಿಂದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ನೋವು ಮರಗಟ್ಟಿಸುವ ಒಂದು ಜೆಲ್, ಹೋಗುವ ಮುಂಚೆ ಸ್ವಲ್ಪ ಸವರಿಕೊಳ್ಳಲು. ಹಾಲುಣಿಸುತ್ತಿದ್ದೀರಾ ಅಂತ ಕೇಳಿಕೊಂಡೇ ಎಲ್ಲಾ ಬರೆದರು. ಬೇರೆಯವರ ಚೀಟಿ ನೋಡಿ ಔಷಧ ತರಿಸಿಕೊಳ್ಳಬಾರದು ಅನ್ನುವುದು ಇದಕ್ಕೇ, ಕೆಲವು ಮುಲಾಮಿನ ಔಷಧ ಹಾಲಿಗೂ ಹೋಗಬಹುದು. ಖಾರ ಕಡಿಮೆ ಮಾಡಿ ಅಂದರು. ಇಷ್ಟು ಮಾಡಿದರೆ ಹೊಸ ಫಿಶರ್ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲವೇ ವಾರಗಳಲ್ಲಿ ಮಾಯುತ್ತದಂತೆ. ನನಗೂ ಮಾಯಿತು. ಒಂದೇ ದಿನಕ್ಕಲ್ಲ. ನಡುವೆ ಒಂದು ದಿನ ಮದುವೆ ಊಟ ಮಾಡಿ, ನೀರು ಕಡಿಮೆ ಕುಡಿದು, ಮತ್ತೆ ಸ್ವಲ್ಪ ಸೀಳಿ, ಮತ್ತೆ ಮೊದಲಿಂದ ಅನ್ನುವ ಹಾಗೂ ಆಯಿತು.

ನಿಜವಾಗಿ ನನ್ನ ಜೀವ ಉಳಿಸಿದ್ದು ಬಿಸಿನೀರು. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಸೊಂಟದ ಕೆಳಗಿನ ಭಾಗ ಮುಳುಗುವ ಹಾಗೆ 10-15 ನಿಮಿಷ ಕೂರುವುದು. ದಿನಕ್ಕೆ ಎರಡು ಮೂರು ಸಲ, ಎರಡಕ್ಕೆ ಹೋಗಿಬಂದ ಕೂಡಲೇ ತಪ್ಪದೆ. ಆ ಬಿಗಿದ ಸ್ನಾಯು ಬಿಸಿಗೆ ನಿಧಾನವಾಗಿ ಸಡಿಲ ಬಿಡುವುದು ಕೂತವರಿಗೆ ಗೊತ್ತಾಗುತ್ತದೆ. ಉರಿ ಇಳಿಯುತ್ತಾ ಬಂದು, ಬಿಗಿ ಹಿಡಿದ ಹಲ್ಲು ತಾನಾಗಿ ಬಿಡುತ್ತದೆ. ನೀರಿಗೆ ಡೆಟಾಲ್ ಬೇಡ, ಉಪ್ಪು ಬೇಡ, ಬರೀ ನೀರು ಸಾಕು. ಡೆಟಾಲ್ ಹಾಕಿದರೆ ಗಾಯ ಇನ್ನೂ ಉರಿಯುತ್ತದೆ. ಸುಡುವ ನೀರೂ ಬೇಡ. ಪಾಶ್ಚಾತ್ಯ ಕಮೋಡಿನ ಮೇಲೆ ಕೂರುವಂಥ ಟಬ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಸಿಟ್ಜ್ ಬಾತ್ ಟಬ್ ಅಂತ ಕೇಳಿದರೆ ಕೊಡುತ್ತಾರೆ. ಇಲ್ಲದಿದ್ದರೂ ಚಿಂತೆ ಇಲ್ಲ, ಮಗುವಿನ ಸ್ನಾನದ ಟಬ್ಬೇ ಆಗುತ್ತದೆ, ತೊಳೆದು ಬಳಸಿದರೆ ಆಯಿತು. ಬಾಣಂತಿ ಇರುವ ಮನೆಯಲ್ಲಿ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರವೇ ಇಲ್ಲ, ಅಲ್ವಾ? ತಲೆಯ ಮೇಲೆ ತಂಬಿಗೆಗಟ್ಟಲೆ ಸುರಿಯುವ ನೀರಿನಲ್ಲಿ ಎರಡು ತಂಬಿಗೆ ಈ ಟಬ್ಬಿಗೂ ಬರಲಿ. ಆಮೇಲೆ ಉಜ್ಜಬಾರದು, ಮೆತ್ತನೆ ಹಳೇ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು.

ಕೂರುವ ರೀತಿಯೂ ಮುಖ್ಯ. ನಮ್ಮ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮಲ ಸುಲಭವಾಗಿ ಇಳಿಯುತ್ತದೆ. ಸಿಸೇರಿಯನ್ ಆದವರಿಗೆ ಮಂಡಿ ಹೊಟ್ಟೆ ಎರಡೂ ಸಹಕರಿಸುವುದಿಲ್ಲ, ಅವರು ಕಮೋಡಿನ ಮೇಲೆ ಕೂತು ಕಾಲ ಕೆಳಗೆ ಒಂದು ಚಿಕ್ಕ ಮಣೆ ಇಟ್ಟುಕೊಂಡರೆ ಸರಿ. ತಿಣುಕಬಾರದು. ಬಂದಾಗ ತಡೆಯಬಾರದು. ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುವುದಂತೂ ಬೇಡವೇ ಬೇಡ.

ಇನ್ನು ನಮ್ಮಣ್ಣನ ವಿಷಯ. ಅವನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಅವನು ಟೆಂಪೋ ಓಡಿಸುತ್ತಾನೆ, ತಿಪಟೂರಿನಿಂದ ಕೊಬ್ಬರಿ ಲೋಡ್. ನಾನು ಮನೆಯಲ್ಲಿ ಫಿಶರ್ ಅಂತ ಗಟ್ಟಿಯಾಗಿ ಹೇಳಿದ ಮೇಲೆ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ನನಗೂ ಹಂಗೇ ಆಗುತ್ತೆ ಕಣೇ, ವರ್ಷಗಳಿಂದ, ಅಂದ. ಸೀಟಿನ ಮೇಲೆ ಟವೆಲ್ ಸುರುಳಿ ಸುತ್ತಿ ಇಟ್ಟುಕೊಂಡು ಓಡಿಸುತ್ತಿದ್ದನಂತೆ. ದಾರಿಯಲ್ಲಿ ಟಾಯ್ಲೆಟ್ ಸಿಗುವುದಿಲ್ಲ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅವನ ಸೀಳಿನ ತುದಿಯಲ್ಲಿ ಚರ್ಮದ ಒಂದು ಚಿಕ್ಕ ತುಂಡು ಬೆಳೆದು ಕೈಗೆ ಸಿಗುತ್ತಿತ್ತು, ಅದನ್ನೇ ಮೂಲವ್ಯಾಧಿಯ ಮೊಳಕೆ ಅಂತ ತಿಳಿದು ಎಂತೆಂಥದೋ ಸೊಪ್ಪು ಅರೆದು ಕುಡಿದಿದ್ದ. ಆರೆಂಟು ವಾರ ದಾಟಿಯೂ ಮಾಯದ ಫಿಶರ್ ಹಳೆಯದಾದ ಹಾಗೆ ಲೆಕ್ಕ, ಅಂಚು ಗಟ್ಟಿಯಾಗುತ್ತದೆ, ಈ ತುಂಡು ಬೆಳೆಯುತ್ತದೆ. ಅಲ್ಲಿಗೆ ಬರೀ ಇಸಬ್‌ಗೋಲ್ ಸಾಲುವುದಿಲ್ಲ.

ಅವನಿಗೆ ಮೊದಲು ನೈಟ್ರೋಗ್ಲಿಸರಿನ್ ಮುಲಾಮು ಕೊಟ್ಟರು. ಹೃದ್ರೋಗಿಗಳಿಗೆ ಕೊಡುವ ಔಷಧವೇ, ಇಲ್ಲಿ ಸ್ನಾಯು ಸಡಿಲಿಸಲು. ಹಚ್ಚಿಕೊಂಡರೆ ತಲೆ ಸಿಡಿಯುವಂಥ ನೋವು ಬರುತ್ತಿತ್ತು, ಅದು ಈ ಔಷಧದಲ್ಲಿ ಸಾಮಾನ್ಯ. ಗಂಡಸರ ಶಕ್ತಿಗೆ ಅಂತ ಮಾತ್ರೆ ನುಂಗುವವರು ಇದನ್ನು ಹಚ್ಚಲೇಬಾರದು, ಬಿಪಿ ಒಮ್ಮೆಲೇ ಬಿದ್ದುಹೋಗುತ್ತದೆ. ಆಮೇಲೆ 2 ಪರ್ಸೆಂಟಿನ ಡಿಲ್ಟಿಯಾಜೆಮ್ ಜೆಲ್‌ಗೆ ಬದಲಾಯಿಸಿದರು, ತಲೆನೋವು ನಿಂತಿತು. ಕಡಲೆಕಾಳಿನಷ್ಟು ತೆಗೆದುಕೊಂಡು, ಗುದದ ಅಂಚಿಗೆ ಸುತ್ತ ಹಚ್ಚುವುದು, ದಿನಕ್ಕೆ ಎರಡು ಮೂರು ಸಲ, ಆರರಿಂದ ಎಂಟು ವಾರ. ಎಲ್ಲರೂ ತಪ್ಪುವುದು ಇಲ್ಲೇ, ನೋವು ಕಡಿಮೆಯಾದ ಕೂಡಲೇ ಟ್ಯೂಬ್ ಎಸೆಯುತ್ತಾರೆ. ನೋವು ಹೋಗಿದೆ ಅಂದರೆ ಗಾಯ ಪೂರ್ತಿ ಮಾಯಿದೆ ಅಂತಲ್ಲ. ಅನೇಕರಿಗೆ ಜೆಲ್‌ನಲ್ಲೇ ವಾಸಿಯಾಗುತ್ತದೆ. ನಮ್ಮಣ್ಣನಿಗೆ ಆಗಲಿಲ್ಲ, ಆಪರೇಷನ್ ಆಯಿತು. ಬಿಗಿದ ಆ ಸ್ನಾಯುವಿನ ಒಂದು ಚಿಕ್ಕ ಭಾಗವನ್ನು ಪಕ್ಕದಲ್ಲಿ ಕತ್ತರಿಸಿ ಸಡಿಲ ಮಾಡುತ್ತಾರೆ, ಹತ್ತರಲ್ಲಿ ಒಂಬತ್ತು ಜನಕ್ಕೂ ಹೆಚ್ಚು ಮಂದಿಗೆ ಇದರಿಂದ ಗುಣವಾಗುತ್ತದೆ. ಮಾರನೆಯ ದಿನ ಮನೆಗೆ ಬಂದ. ಮೊದಲ ಸಲ ನೋವಿಲ್ಲದೆ ಹೋಗಿಬಂದ ದಿನ ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದ. ಇಷ್ಟು ವರ್ಷ ಒಂದು ಮಾತೂ ಆಡದಿದ್ದವನು.

ಆಪರೇಷನ್ ಅಂದರೆ ಹಿಡಿತ ತಪ್ಪಿಹೋಗುತ್ತದೆ, ಗೊತ್ತಿಲ್ಲದೆ ಬಟ್ಟೆಯಲ್ಲಿ ಆಗಿಬಿಡುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಕೆಲವರಿಗೆ ಗ್ಯಾಸ್ ತಡೆಯಲಾಗುವುದಿಲ್ಲ, ಕೆಲವರಿಗೆ ಸ್ವಲ್ಪ ಸೋರುತ್ತದೆ. ಹೆಚ್ಚಿನವರಿಗೆ ಹಾಗಾಗುವುದಿಲ್ಲ, ಆದವರಲ್ಲೂ ಎಷ್ಟೋ ಜನರಿಗೆ ದಿನ ಕಳೆದಂತೆ ಕಡಿಮೆಯಾಗುತ್ತದೆ. ಆದರೆ ಹೆರಿಗೆಯಲ್ಲಿ ಆ ಜಾಗ ಹರಿದು ಹೊಲಿಗೆ ಬಿದ್ದ ಹೆಂಗಸರಿಗೆ ಈ ಅಪಾಯ ಜಾಸ್ತಿ, ಅವರು ತಮ್ಮ ಹೆರಿಗೆ ಹೇಗಾಯಿತು ಅಂತ ಸರ್ಜನ್‌ಗೆ ಹೇಳಲೇಬೇಕು. ಅಂಥವರಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ಕೆಲವು ತಿಂಗಳು ಸ್ನಾಯು ಸಡಿಲಿಸುವ ದಾರಿಯೂ ಇದೆ. ಹಿಂದೆ ಅರಿವಳಿಕೆ ಕೊಟ್ಟು ಬೆರಳಿಂದ ಬಲವಾಗಿ ಅಗಲಿಸುತ್ತಿದ್ದರು. ಹಿಡಿತ ಹಾಳಾಗುತ್ತದೆ ಅಂತ ಅದನ್ನು ಈಗ ಬಹುತೇಕ ಕೈಬಿಟ್ಟಿದ್ದಾರೆ. ಯಾರಾದರೂ ಅದನ್ನೇ ಮಾಡುತ್ತೇನೆ ಅಂದರೆ ಇನ್ನೊಬ್ಬ ಸರ್ಜನ್‌ರನ್ನು ಕೇಳಿ.

ನಮ್ಮ ಬಸ್ ಸ್ಟ್ಯಾಂಡಿನ ಕಂಬ ನೋಡಿ, ಟಾಯ್ಲೆಟ್ಟಿನ ಗೋಡೆ ನೋಡಿ. "ಪೈಲ್ಸ್, ಫಿಶರ್, ಫಿಸ್ಟುಲಾ, ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ." ಕೆಳಗೆ ಒಂದು ಮೊಬೈಲ್ ನಂಬರ್. ಪತ್ರಿಕೆಗಳ ಕ್ಲಾಸಿಫೈಡ್ ಪುಟದಲ್ಲೂ ಇಂಥವು ಬರುತ್ತವೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. 1945ರ ಔಷಧ ನಿಯಮಗಳ ಶೆಡ್ಯೂಲ್ ಜೆ ಅಂತ ಒಂದಿದೆ. ಯಾವ ಯಾವ ಕಾಯಿಲೆಯನ್ನು ಗುಣಪಡಿಸುತ್ತೇವೆಂದು ಔಷಧದ ಮೇಲೆ ಹೇಳಿಕೊಳ್ಳಬಾರದು ಅನ್ನುವ ಪಟ್ಟಿ ಅದು, ಅದರಲ್ಲಿ ಪೈಲ್ಸ್ ಮತ್ತು ಫಿಸ್ಟುಲಾ ಎರಡೂ ಇವೆ. ಆದರೂ ಗ್ಯಾರಂಟಿ ಬೋರ್ಡುಗಳು ರಾಜಾರೋಷವಾಗಿ ನಿಂತಿವೆ. ಬಾಡಿಗೆ ಕೋಣೆಯಲ್ಲಿ ಕೂತು, ಆ ಸೂಕ್ಷ್ಮ ಜಾಗಕ್ಕೆ ಏನೋ ಇಂಜೆಕ್ಷನ್ ಚುಚ್ಚಿ, ಏನೋ ಸುಡುವ ಮುಲಾಮು ಹಚ್ಚಿ ಕಳುಹಿಸುವವರ ಹತ್ತಿರ ಜನ ಯಾಕೆ ಹೋಗುತ್ತಾರೆ? ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ ಅಂತ. ನಾಚಿಕೆಯೇ ಅವರ ಬಂಡವಾಳ. ನಾನು ಆಯುರ್ವೇದದ ವಿರೋಧಿಯಲ್ಲ. ಓದಿದ, ಪದವಿ ಪಡೆದ ಆಯುರ್ವೇದ ಸರ್ಜನ್‌ಗಳು ಭಗಂದರಕ್ಕೆ ಕ್ಷಾರಸೂತ್ರ, ಅಂದರೆ ಔಷಧ ಲೇಪಿಸಿದ ದಾರ, ಕಟ್ಟುತ್ತಾರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಅದನ್ನು ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದೆ. ಯಾರ ಹತ್ತಿರವಾದರೂ ಹೋಗಿ, ಪದವಿ ಇದೆಯೇ ಕೇಳಿ, ಮೊದಲು ಪರೀಕ್ಷೆ ಮಾಡಿ ಆಮೇಲೆ ಕಾಯಿಲೆಯ ಹೆಸರು ಹೇಳಲಿ.

ನಾನು ಶಿಕ್ಷಕಿ, ಹಾಗಾಗಿ ಮಕ್ಕಳ ವಿಷಯವನ್ನೂ ಸೇರಿಸುತ್ತೇನೆ. ಮಕ್ಕಳಿಗೂ ಫಿಶರ್ ಆಗುತ್ತದೆ. ಶಾಲೆಯ ಟಾಯ್ಲೆಟ್ಟಿಗೆ ಬೀಗ, ಬೀಗ ಇಲ್ಲದಿದ್ದರೆ ನೀರಿಲ್ಲ, ನೀರಿದ್ದರೆ ಚಿಲಕ ಇಲ್ಲ. ಹೆಣ್ಣುಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ತಡೆದುಕೊಂಡು, ಬಾಟಲಿಯಲ್ಲಿ ತಂದ ನೀರನ್ನು ಹಾಗೇ ವಾಪಸ್ ತೆಗೆದುಕೊಂಡು ಹೋಗುತ್ತಾರೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ಗಂಟೆ ಬಾರಿಸುತ್ತಾರೆ ಅನ್ನುವ ಸುದ್ದಿ ಬಂದ ಮೇಲೆ ನಮ್ಮಲ್ಲೂ ಆ ನೀರಿನ ಗಂಟೆ ಬಾರಿಸಬೇಕು ಅನ್ನುವ ಮಾತು ಬಂತು. ಗಂಟೆ ಹೊಡೆದರೆ ಸಾಲದು, ಕುಡಿದ ನೀರು ಹೋಗಲು ಜಾಗ ಬೇಕು. ಮಗು ಟಾಯ್ಲೆಟ್ ಅಂದರೆ ಅಳುತ್ತದೆ, ಕಾಲು ಹೆಣೆದುಕೊಂಡು ಮೂಲೆಯಲ್ಲಿ ನಿಲ್ಲುತ್ತದೆ ಅಂದರೆ ಹಠ ಅಂತ ಹೊಡೆಯಬೇಡಿ. ಒಮ್ಮೆ ನೋವಾದ ಮಗು ಹೆದರಿ ತಡೆಯುತ್ತಿರುತ್ತದೆ. ಮಕ್ಕಳ ಡಾಕ್ಟರಿಗೆ ತೋರಿಸಿ.

ಕೆಲವು ಲಕ್ಷಣ ಕಂಡರೆ ಮಾತ್ರ ಮನೆಯಲ್ಲಿ ಟಬ್ಬಿನಲ್ಲಿ ಕೂತು ಕಾಯಬಾರದು. ಜ್ವರ, ಊತ, ಕೀವು. ತೂಕ ಇಳಿಯುವುದು. ಕಪ್ಪು ರಕ್ತ ಅಥವಾ ಮಲದೊಳಗೆ ಬೆರೆತ ರಕ್ತ (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ). 45 ದಾಟಿದವರಿಗೆ ಹೊಸದಾಗಿ ರಕ್ತ ಕಾಣಿಸಿಕೊಳ್ಳುವುದು. ಸೀಳು ನಡುಮಧ್ಯ ಬಿಟ್ಟು ಪಕ್ಕದಲ್ಲಿದ್ದರೆ ಅಥವಾ ಒಂದಕ್ಕಿಂತ ಹೆಚ್ಚಿದ್ದರೆ, ಟಿಬಿ, ಕ್ರೋನ್ಸ್‌ನಂಥ ಕರುಳಿನ ಕಾಯಿಲೆ, ಕ್ಯಾನ್ಸರ್, ಇವುಗಳನ್ನೂ ಡಾಕ್ಟರು ನೋಡಬೇಕಾಗುತ್ತದೆ.

ಈಗ ನನ್ನ ಕೋರಿಕೆ. ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರೆ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಭೇಟಿ. ಮಗುವಿನ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಹಾಲು ಕುಡಿಯುತ್ತಿದೆಯೇ ಕೇಳುತ್ತಾರೆ. ನಮ್ಮ ಮನೆಗೆ ಬಂದ ಆಶಾ ಅಕ್ಕ ಬಿಸಿಲಲ್ಲಿ ನಡೆದು ಬಂದು ಎಷ್ಟು ಮುತುವರ್ಜಿಯಿಂದ ನೋಡುತ್ತಿದ್ದರೆಂದರೆ ಅವರ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಆ ಆರು ಭೇಟಿಯಲ್ಲೂ ತಾಯಿಗೆ ಇನ್ನೊಂದು ಪ್ರಶ್ನೆ ಕೇಳುವ ಹಾಗೆ ಆರೋಗ್ಯ ಇಲಾಖೆ ಅವರ ಫಾರಂನಲ್ಲಿ ಸೇರಿಸಲಿ: ಎರಡಕ್ಕೆ ಹೋಗುವಾಗ ನೋವಿದೆಯಾ, ರಕ್ತ ಹೋಗುತ್ತಿದೆಯಾ? ಮನೆಯ ಹಿರಿಯರು ಎದುರಿಗಿಲ್ಲದಾಗ ಕೇಳಲಿ. ನಾವಾಗಿ ಬಾಯಿ ಬಿಡುವುದಿಲ್ಲ, ಕೇಳಿದರೆ ಹೇಳುತ್ತೇವೆ. ಅವರ ಚೀಲದಲ್ಲಿ ಇಸಬ್‌ಗೋಲ್ ಅಥವಾ ಲ್ಯಾಕ್ಟುಲೋಸ್ ಕೊಡಿಸಲು ಪಿಎಚ್‌ಸಿಗೆ ಕಳುಹಿಸುವ ಒಂದು ಚೀಟಿ ಇರಲಿ. ಕಬ್ಬಿಣದ ಮಾತ್ರೆ ಕೊಡುವಾಗಲೇ, ಇದರ ಜೊತೆ ದಿನಕ್ಕೆ ಇಷ್ಟು ಲೋಟ ನೀರು ಕುಡಿಸಿ ಅಂತ ಅತ್ತೆಗೆ, ಅಮ್ಮನಿಗೆ ನೇರವಾಗಿ ಹೇಳಲಿ. ನಾವು ಹೇಳಿದರೆ ಕೇಳದವರು ಸರ್ಕಾರದವರು ಹೇಳಿದರೆ ಕೇಳುತ್ತಾರೆ.

ನಿಮ್ಮ ಆರೋಗ್ಯ ಪುಟದಲ್ಲಿ ಒಬ್ಬ ಸರ್ಕಾರಿ ಸರ್ಜನ್‌ರಿಂದ ಇದರ ಬಗ್ಗೆ ಬರೆಸಿ. ಯಾವ ವಿಭಾಗದ ಒಪಿಡಿಗೆ ಹೋಗಬೇಕು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಆಪರೇಷನ್ ಬೇಕಾದಾಗ ಮೊದಲು ಎಲ್ಲಿ ಕೇಳಬೇಕು, ಹಾಲುಣಿಸುವವರು ಯಾವ ಮುಲಾಮು ಹಚ್ಚಬಾರದು, ಇಷ್ಟನ್ನು ಅವರು ಹೇಳಿದರೆ ಸಾಕು. ಓದುಗರ ಪ್ರಶ್ನೆಗಳಿಗೆ ಹೆಸರಿಲ್ಲದೆ ಉತ್ತರ ಕೊಡುವ ಏರ್ಪಾಟು ಮಾಡಿ. ನನ್ನ ಹೆಸರನ್ನೂ ಹಾಕಬೇಡಿ, ನನ್ನ ಕ್ಲಾಸಿನ ಮಕ್ಕಳು ನಿಮ್ಮ ಪತ್ರಿಕೆ ಓದುತ್ತಾರೆ. ಊರಿನ ಹೆಸರು ಬೇಡ, ಜಿಲ್ಲೆಯ ಹೆಸರು ಹಾಕಿ.

– ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ